ದೊಡ್ಡಮ್ಮನ ಚೂಪು ಕೋಸು

ನಮ್ಮ ದೊಡ್ಡಮ್ಮ ದೊಡ್ಡಪ್ಪನಿಗೆ ಊಟ ಮಾಡಿಸುವುದನ್ನು ಬೀದಿಯ ಹೆಂಗಸರು ಬಂದು ನೋಡಿ ಹೋಗುತ್ತಿದ್ದರು. ದೊಡ್ಡಪ್ಪನ ಬೆನ್ನಿಗೆ ಎರಡು ದಿಂಬು, ಎದೆಯ ಮೇಲೆ ಒಗೆದ ಬಿಳಿ ಟವೆಲು, ಪಕ್ಕದ ಸ್ಟೂಲಿನ ಮೇಲೆ ಉಗುರುಬೆಚ್ಚಗಿನ ನೀರು. ಅನ್ನವನ್ನು ಮೆತ್ತಗೆ ಕಿವುಚಿ, ಬೇಯಿಸಿದ ಕೋಸನ್ನು ಅದಕ್ಕೆ ಕಲಸಿ, ಪುಟ್ಟ ತುತ್ತು ಮಾಡಿ, ಲಕ್ವ ಹೊಡೆದು ವಾರೆಯಾದ ಬಾಯಿಯ ಸರಿಯಿರುವ ಕಡೆಯಿಂದ ಇಡುತ್ತಿದ್ದಳು. ಒಂದು ಅಗುಳೂ ಟವೆಲಿನ ಮೇಲೆ ಬೀಳುತ್ತಿರಲಿಲ್ಲ. ಎದುರುಮನೆಯ ರತ್ನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಇಂಥ ಹೆಂಡ್ತಿ ಸಿಗಬೇಕಾದ್ರೆ ಮೇಷ್ಟ್ರು ಏನು ಪುಣ್ಯ ಮಾಡಿದ್ರೋ" ಎನ್ನುತ್ತಿದ್ದರು. ದೊಡ್ಡಮ್ಮ ತಲೆಯೆತ್ತದೆ, "ನಮ್ಮ ಕೈಲಾದ್ದು ಮಾಡ್ತೀವಿ ಕಣಮ್ಮ" ಎಂದು ಮುಂದಿನ ತುತ್ತು ಕಲಸುತ್ತಿದ್ದಳು.

ಆ ಹೆಂಗಸರು ಯಾರೂ ದೊಡ್ಡಪ್ಪನ ಕಣ್ಣನ್ನು ನೋಡುತ್ತಿರಲಿಲ್ಲ. ಮನೆಯಲ್ಲೇ ಇದ್ದ ನಾನು ದಿನಾ ನೋಡುತ್ತಿದ್ದೆ. ತುತ್ತು ಹತ್ತಿರ ಬಂದಂತೆ ಆ ಕಣ್ಣುಗಳು ದೊಡ್ಡವಾಗುತ್ತಿದ್ದವು. ಕಾಯಿಲೆಯವರ ಕಣ್ಣು ಹಾಗೇ ಇರುತ್ತದೇನೋ ಎಂದುಕೊಂಡಿದ್ದೆ.

ನಾನು ಬಿ.ಎಡ್. ಓದಲೆಂದು ಚಿಂತಾಮಣಿಗೆ ಬಂದು ಅವರ ಮನೆಯಲ್ಲಿ ಉಳಿದುಕೊಂಡಿದ್ದೆ. ಊರಿನ ಅಂಗಡಿಬೀದಿಯಲ್ಲಿ ಸಾಲಾಗಿ ಮೊಬೈಲ್ ಅಂಗಡಿಗಳು ತೆರೆಯುತ್ತಿದ್ದ ಕಾಲ ಅದು. ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ, ನಾರಾಯಣಮ್ಮ. ತವರು ನಗರಗೆರೆ, ಹೊಲಗದ್ದೆಯವರ ಮನೆ. ದೊಡ್ಡಪ್ಪ ಅಶ್ವತ್ಥಪ್ಪನವರು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ಅವರು ಮೈದಾನದಲ್ಲಿ ನಿಂತು 'ಸಾವಧಾನ್' ಎಂದರೆ ಬಸ್‌ಸ್ಟ್ಯಾಂಡಿನಲ್ಲಿ ನಿಂತವರೂ ನೆಟ್ಟಗಾಗುತ್ತಾರೆ ಎಂದು ಊರಲ್ಲಿ ತಮಾಷೆ ಮಾಡುತ್ತಿದ್ದರು. ಮಕ್ಕಳಿರಲಿಲ್ಲ.

ಹೆಂಡತಿಯನ್ನು ದೊಡ್ಡಪ್ಪ ಹೆಸರು ಹಿಡಿದು ಕರೆದದ್ದನ್ನು ನಾನಂತೂ ಕೇಳಿಲ್ಲ. ವಿಷಲ್ ಊದುತ್ತಿದ್ದರು. ಒಂದು ಸಲ ಊದಿದರೆ ನೀರು, ಎರಡು ಸಲಕ್ಕೆ ಕಾಫಿ, ಉದ್ದಕ್ಕೆ ಎಳೆದರೆ ಮಾಡುತ್ತಿದ್ದ ಕೆಲಸ ಬಿಟ್ಟು ಓಡಿ ಬರಬೇಕು. ಬೇಸಿಗೆ ರಜೆಗೆ ಹೋಗುತ್ತಿದ್ದ ನಮಗೆ ಅದು ದೊಡ್ಡ ವಿನೋದ. ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತ ದೊಡ್ಡಮ್ಮ ಓಡಿ ಬರುವುದನ್ನು ಅನುಕರಿಸಿ ನಾವೂ ಓಡುತ್ತಿದ್ದೆವು. ಮನೆಯ ಹಿಂದೆ ಅಷ್ಟಗಲ ಜಾಗವಿತ್ತು. ಅದನ್ನು ದೊಡ್ಡಪ್ಪ ಬ್ಯಾಡ್ಮಿಂಟನ್ ಕೋರ್ಟು ಮಾಡಿಕೊಂಡಿದ್ದರು. ಸಂಜೆಯಾದರೆ ಸ್ಕೂಲಿನ ಮೇಷ್ಟ್ರುಗಳೆಲ್ಲ ಬಂದು ಆಡುವರು. ಕೋರ್ಟಿನ ಅಂಚಿನಲ್ಲಿ ಬೋಂಡದ ತಟ್ಟೆ ಹಿಡಿದು ದೊಡ್ಡಮ್ಮ ನಿಂತಿರುವಳು. ಅಲ್ಲಿ ಒಂದು ಕರಿಬೇವಿನ ಗಿಡ ಹಾಕಲೂ ಅವಳಿಗೆ ಅಪ್ಪಣೆಯಿರಲಿಲ್ಲ. ರಿಟೈರಾದ ಮಾರನೇ ವರ್ಷ ಅದೇ ಕೋರ್ಟಿನಲ್ಲಿ, ಸರ್ವಿಸ್ ಮಾಡಲು ಕೈಯೆತ್ತಿದಾಗ, ದೊಡ್ಡಪ್ಪನಿಗೆ ಲಕ್ವ ಹೊಡೆಯಿತು. ಬಲಗಡೆ ಪೂರಾ ಬಿದ್ದುಹೋಯಿತು, ಎಡಗೈಯಲ್ಲೂ ಬಲ ಉಳಿಯಲಿಲ್ಲ. ಮಾತು ನಿಂತಿತು.

ನಾನು ಹೋದ ಹೊಸತರಲ್ಲೇ ದೊಡ್ಡಮ್ಮ ಆ ಕೋರ್ಟನ್ನು ಅಗೆಯಲು ಶುರುಮಾಡಿದಳು. ಆಷಾಢದ ಗಾಳಿ ಬೀಸುತ್ತಿತ್ತು. ವರ್ಷಗಟ್ಟಲೆ ತುಳಿದ ನೆಲ ಕಲ್ಲಿನಂತಾಗಿತ್ತು. ದಿನಾ ಸಂಜೆ ನೀರು ಬಿಟ್ಟು ನೆನೆಸಿ, ಬೆಳಿಗ್ಗೆ ಗುದ್ದಲಿ ಹಾಕುತ್ತಿದ್ದಳು. ಆಳು ಕರೆಯೋಣವೆಂದರೆ ಬೇಡವೆಂದಳು. ಅಗೆಯುವ ಮೊದಲ ದಿನವೇ ದೊಡ್ಡಪ್ಪನ ಮಂಚವನ್ನು ನಡುಮನೆಯಿಂದ ಹಿತ್ತಿಲ ಜಗಲಿಗೆ ತರಿಸಿದಳು.

"ಡಾಕ್ಟ್ರು ಗಾಳಿ ಬೆಳಕು ಬೇಕು ಅಂದವ್ರೆ" ಎಂದು ಮಂಚ ಎತ್ತಿದವರಿಗೆ ಹೇಳಿದಳು. ಆಮೇಲೆ ದಿಂಬು ಸರಿಮಾಡಿ, ಅವರ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಕೋರ್ಟಿನ ಕಡೆಗೆ ತಿರುಗಿಸಿದಳು. ಮೊದಲ ಏಟು ಸುಣ್ಣದ ಗೆರೆಯ ಮೇಲೇ ಬಿತ್ತು.

ಬೀಜ ತರಲು ನನ್ನನ್ನೂ ಕರೆದುಕೊಂಡು ಹೋದಳು. ಕೋಸಿನ ಬೀಜ ಕೇಳಿದಾಗ ಅಂಗಡಿಯವನು ಮುಂದಿದ್ದ ಪೊಟ್ಟಣಗಳನ್ನು ತೋರಿಸಿದ. ದೊಡ್ಡಮ್ಮನ ಕಣ್ಣು ಮೂಲೆಯಲ್ಲಿ ಧೂಳು ಹಿಡಿದಿದ್ದ ಒಂದು ಪೊಟ್ಟಣದ ಮೇಲೆ ಬಿತ್ತು. ಅದರ ಮೇಲೆ ಉದ್ದಕ್ಕೆ, ತುದಿ ಚೂಪಾಗಿದ್ದ ಒಂದು ಕೋಸಿನ ಚಿತ್ರವಿತ್ತು.

"ಅದಾ? ಎವರಿಕೀ ವದ್ದಮ್ಮಾ ಅದಿ" ಎಂದು ತೆಲುಗಿನಲ್ಲಿ ಹೇಳಿ ನಕ್ಕ ಅಂಗಡಿಯವನು. "ಯಾರೂ ಕೇಳಲ್ಲ. ಮಂಡೀಲಿ ದುಂಡು ಕೋಸೇ ನಡೆಯೋದು. ಇದು ಬೇಗ ಬರ್ತದೆ, ಎಲೆ ಮೆತ್ತಗೆ, ಆದ್ರೆ ಮೂಟೇಲಿ ಕೂರಲ್ಲ."

"ಮೆತ್ತಗಿರ್ತದಾ?"

"ಹಲ್ಲಿಲ್ಲದೋರೂ ತಿನ್ನಬಹುದು."

"ಅದೇ ಕೊಡಪ್ಪ" ಎಂದಳು ದೊಡ್ಡಮ್ಮ.

ಅವಳು ಗಿಡ ಬೆಳೆಸುವುದನ್ನು ನೋಡುವುದು ಒಂದು ಸುಖ. ಮೊದಲು ಒಟ್ಲು ಪಾತಿಯಲ್ಲಿ ಸಸಿ ಮಾಡಿದಳು. ಹುಲ್ಲು ಹೊದಿಸಿ, ಕೈಯಲ್ಲಿ ನೀರು ಚಿಮುಕಿಸಿ, ಸಸಿ ಗೇಣುದ್ದ ಆಗುವ ಮೊದಲೇ ಕಿತ್ತು ಸಾಲಿಗೆ ನೆಟ್ಟಳು. ನೆಟ್ಟ ಮೇಲೆ ಬುಡದ ಮಣ್ಣನ್ನು ಹಿಮ್ಮಡಿಯಿಂದ ಒತ್ತಿ, ಒಂದು ಎಲೆಯ ಅಂಚು ಹಿಡಿದು ಜಗ್ಗುವಳು. ನಾನು ನೆಟ್ಟವು ಬುಡಸಮೇತ ಕೈಗೆ ಬಂದವು.

"ಇದೇನೇ ನೆಟ್ಟಿರೋದು ನೀನು? ಎಲೆ ಹರೀಬೇಕು, ಬೇರು ಕದಲಬಾರದು" ಎಂದು ಬೈದಳು. "ಈ ಮನೇಲಿ ನನ್ನೂ ಹಿಂಗೇ ಜಗ್ಗಿ ನೋಡಿದ್ರು."

ಬೆಳಿಗ್ಗೆ ಎದ್ದರೆ ಎಲೆಯ ಅಡಿಯಲ್ಲಿದ್ದ ಹಸಿರು ಹುಳುಗಳನ್ನು ಆರಿಸುವುದು, ಒಲೆಯ ಬೂದಿ ಎರಚುವುದು, ಸಾಲಿನ ಮಧ್ಯೆ ಕಳೆ ಕೀಳುವುದು. ಕೆಲಸ ಮಾಡುತ್ತಲೇ ಮಂಚದ ಕಡೆಗೆ ವರದಿ ಒಪ್ಪಿಸುವಳು. "ಇವತ್ತು ನೀರು ಕಟ್ಟಿದೀನಿ ಕಣ್ರಿ." "ಎಲೆ ಸುತ್ಕೊಳ್ತಾ ಐತೆ ನೋಡ್ರಿ." ಕಾರ್ತಿಕದ ಚಳಿ ಬೀಳುವ ಹೊತ್ತಿಗೆ ಗಡ್ಡೆ ಕಟ್ಟಿತು. ಅಂಥ ಕೋಸನ್ನು ನಾನು ಎಂದೂ ನೋಡಿರಲಿಲ್ಲ. ಎಳೆ ಎಲೆಗಳು ಒಂದರೊಳಗೊಂದು ಸುತ್ತಿಕೊಂಡು, ಯಾರೋ ಕೈಮುಗಿದು ನಿಂತಂತೆ ಮೇಲಕ್ಕೆ ಚೂಪಾಗಿದ್ದವು. ಸಾಲಿಗೆ ಸಾಲು, ಒಂದೇ ಅಂತರ. ದೊಡ್ಡಮ್ಮ ಮಂಚದ ಪಕ್ಕ ನಿಂತು, "ನೋಡ್ರಿ, ನಿಮ್ಮ ಹುಡುಗ್ರು ಎಷ್ಟು ನೆಟ್ಟಗೆ ನಿಂತವ್ರೆ" ಎಂದಳು. ದೊಡ್ಡಪ್ಪ ಕಣ್ಣು ಮುಚ್ಚಿದರು. ಕಣ್ಣು ಮುಚ್ಚುವುದು ಇನ್ನೂ ಅವರ ಅಧೀನದಲ್ಲಿತ್ತು.

ಅಲ್ಲಿಯವರೆಗೆ ಮಾರ್ಕೆಟ್ಟಿನ ಕೋಸು, ಅಂದಿನಿಂದ ಮನೆಯದು. ಬೆಳಿಗ್ಗೆ ಕೋಸು ಬೇಯಿಸಿ ಕಲಸಿದ ಗಂಜಿ, ಮಧ್ಯಾಹ್ನ ಕೋಸಿನ ಪಲ್ಯ ಕಲಸಿದ ಅನ್ನ, ರಾತ್ರಿ ಕೋಸಿನ ಸಾರಿನಲ್ಲಿ ನೆನೆಸಿದ ಮುದ್ದೆ. ಕೆಲವು ದಿನ ದೊಡ್ಡಪ್ಪ ಬಾಯಿ ಬಿಗಿಯುತ್ತಿದ್ದರು. ದೊಡ್ಡಮ್ಮ ಒಂದು ಸಲವೂ ಗದರಲಿಲ್ಲ, ತುರುಕಲಿಲ್ಲ. ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದಳು.

"ಬೇರೆ ಏನಾದ್ರೂ ಮಾಡ್ಲಾ ದೊಡ್ಡಮ್ಮ?" ಎಂದರೆ, "ಹಸಿವಾದಾಗ ತಿಂತಾರೆ ಬಿಡೇ. ನಮಗೇನು ಅವಸರ" ಎನ್ನುವಳು. ಹಸಿವಾದಾಗ ಅವರು ತಿನ್ನುತ್ತಿದ್ದರು.

ಇದರ ಅರ್ಥ ನನಗಾದದ್ದು ಸತ್ಯಣ್ಣ ಮೇಷ್ಟ್ರು ಬಂದ ದಿನ. ದೊಡ್ಡಪ್ಪನ ಜೊತೆ ಸೈನ್ಸ್ ಮೇಷ್ಟ್ರಾಗಿದ್ದವರು, ಸಂಜೆಯ ಆಟಕ್ಕೆ ತಪ್ಪದೆ ಬರುತ್ತಿದ್ದವರು. ಹಣ್ಣು ಹಿಡಿದು ನೋಡಲು ಬಂದವರನ್ನು ದೊಡ್ಡಮ್ಮ ಬಲವಂತದಿಂದ ಊಟಕ್ಕೆ ಕೂರಿಸಿದಳು. ಜಗಲಿಯಲ್ಲೇ ಎಲೆ ಹಾಕಿ ಪಲ್ಯ ಬಡಿಸಿದಳು. ಅವರು ಎಲೆ ನೋಡಿದರು. ಹಿತ್ತಿಲಲ್ಲಿ ನಿಂತ ಸಾಲುಗಳನ್ನು ನೋಡಿದರು. ಆಮೇಲೆ ಮಂಚದ ಮೇಲಿದ್ದ ಗೆಳೆಯನನ್ನೂ ಸ್ಟೂಲಿನ ಮೇಲಿದ್ದ ತಟ್ಟೆಯನ್ನೂ ನೋಡಿದರು. ಅವರ ಕೈ ಅನ್ನದಲ್ಲೇ ನಿಂತುಹೋಯಿತು.

"ನಾರಾಯಣಮ್ಮ... ಇವನಿಗೆ ಕೋಸು..."

"ತಿನ್ನಿ ಮೇಷ್ಟ್ರೇ" ಎಂದಳು ದೊಡ್ಡಮ್ಮ, ಇನ್ನೊಂದು ಸೌಟು ಪಲ್ಯ ಹಾಕುತ್ತ. "ಅವತ್ತು ನೀವೂ ಇದ್ರಲ್ಲ."

ಸತ್ಯಣ್ಣ ಮೇಷ್ಟ್ರು ಎಲೆಯಲ್ಲಿ ಏನೂ ಬಿಡದೆ ತಿಂದು, ಕೈ ತೊಳೆದು ಹೋದರು. ಹಿಂದಿನ ವಾರವಿಡೀ ಹಿಡಿದಿದ್ದ ಜಡಿಮಳೆ ಆಗಷ್ಟೇ ಬಿಟ್ಟಿತ್ತು. ನೀರು ಹೆಚ್ಚಾದರೆ ಬಲಿತ ಕೋಸು ಉಬ್ಬಿ ಸೀಳುತ್ತದೆ. ಹಾಗಾಗದಿರಲೆಂದು ದೊಡ್ಡಮ್ಮ ಗಡ್ಡೆಯನ್ನು ಎರಡೂ ಕೈಯಲ್ಲಿ ಹಿಡಿದು ಒಂದಿಷ್ಟು ತಿರುಚುತ್ತಿದ್ದಳು. ಕೆಲವು ಬೇರು ಹರಿದು, ಗಿಡ ಸಾಯದೆ, ಬೆಳವಣಿಗೆ ಮಾತ್ರ ನಿಲ್ಲುತ್ತದೆ. ಮಣ್ಣಿನಡಿ ಬೇರು ಹರಿಯುವ ಸದ್ದು ಕೇಳಿಸುತ್ತಿತ್ತು. ನಾನು ಅವಳ ಹಿಂದೆ ಹೋಗಿ, "ಅವತ್ತು ಅಂದ್ರೆ ಯಾವತ್ತು ದೊಡ್ಡಮ್ಮ?" ಎಂದು ಕೇಳಿದೆ.

"ಮದುವೆಯಾದ ಎರಡನೇ ವರ್ಷ ಕಣೇ" ಎಂದಳು, ಕೈ ನಿಲ್ಲಿಸದೆ. "ಊರಿಂದ ಬೀಜ ತಂದು ಆ ಮೂಲೇಲಿ ಒಂದು ಪಾತಿ ಕೋಸು ಹಾಕಿದ್ದೆ. ದುಂಡು ಕೋಸು. ಇವರಿಗೆ ಕೋಸು ಬೇಯೋ ವಾಸನೆ ಆಗಲ್ಲ. ಹೂಸು ವಾಸನೆ ಅನ್ನೋರು. ಬಾಯಿಗಿಟ್ರೆ ವಾಕರಿಸೋರು. ಅವತ್ತು ಮೇಷ್ಟ್ರುಗಳೆಲ್ಲ ಆಡ್ತಾ ಇದ್ರು. ನಾನು ನನಗೆ ಅಂತ ಒಂಚೂರು ಒಲೆ ಮೇಲಿಟ್ಟಿದ್ದೆ. ವಾಸನೆ ಬಂತು ಅಂತ ವಿಷಲ್ ಊದಿದ್ರು. ಓಡಿ ಬಂದೆ."

ಇನ್ನೊಂದು ಗಡ್ಡೆ ತಿರುಚಿದಳು.

"'ಒಂದು ಗಿಡ ಕೀಳು, ಎತ್ಕೊಂಡು ಕೋರ್ಟು ಸುತ್ತ ಓಡು, ತಿಪ್ಪೆಗೆ ಹಾಕು. ಮತ್ತೆ ಬಂದು ಇನ್ನೊಂದು ಕೀಳು' ಅಂದ್ರು. ನಿಂತ್ರೆ ವಿಷಲ್."

"ಎಲ್ಲಾ ಗಿಡಾನೂ?"

"ಎಲ್ಲಾನೂ. ಅವರೆಲ್ಲ ನಗ್ತಾ ಇದ್ರು. ಸತ್ಯಣ್ಣ ಮೇಷ್ಟ್ರು ಮಾತ್ರ ನಗಲಿಲ್ಲ. ಬಗ್ಗಿ ಶೂ ಲೇಸು ಕಟ್ಕೊಳ್ತಾ ಇದ್ರು. ಒಂದು ಲೇಸು ಕಟ್ಟೋಕೆ ಎಷ್ಟೊತ್ತು ಬೇಕು ಹೇಳು?" ಸಾಲಿನ ಕೊನೆಗೆ ಬಂದಿದ್ದಳು. ಸೊಂಟ ಹಿಡಿದು ನೆಟ್ಟಗಾದಳು. "ಆಗ ನನಗೆ ಮೂರು ತಿಂಗಳಾಗಿತ್ತು. ಆ ವಾರದಲ್ಲೇ ಹೋಯ್ತು. ಓಡಿದ್ದಕ್ಕೇ ಹೋಯ್ತು ಅಂತ ನಾನು ಹೇಳಲ್ಲಮ್ಮ. ಡಾಕ್ಟ್ರೂ ಹಂಗೆ ಹೇಳಲಿಲ್ಲ. ಆಮೇಲೆ ಮತ್ತೆ ನಿಲ್ಲಲಿಲ್ಲ, ಅಷ್ಟೇ."

ಜಗಲಿಯ ಕಡೆ ನೋಡಿದೆ. ದೊಡ್ಡಪ್ಪನಿಗೆ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು.

"ಅವರು ಬೇಗ ಹೋಗಬಾರದು ಕಣೇ" ಎಂದಳು ದೊಡ್ಡಮ್ಮ, ಕೈಯ ಮಣ್ಣು ಕೊಡವುತ್ತ. "ಅದಕ್ಕೇ ಇಷ್ಟು ಜೋಪಾನ."

ಜೋಪಾನವೆಂದರೆ ಜೋಪಾನವೇ. ಗಳಿಗೆಗೊಮ್ಮೆ ಮಗ್ಗುಲು ಬದಲಿಸುವಳು, ಬೆನ್ನಿಗೆ ಪೌಡರು ಹಾಕುವಳು, ಉಗುರು ಕತ್ತರಿಸುವಳು. ಅಷ್ಟು ಕಾಲ ಮಲಗಿದ ಮೈಯಲ್ಲಿ ಒಂದು ಹುಣ್ಣೂ ಇಲ್ಲವೆಂದು ಡಾಕ್ಟರು ಬೆರಗಾಗಿದ್ದರು. ಇದನ್ನೆಲ್ಲ ಅವಳು ನಟಿಸುತ್ತಿರಲಿಲ್ಲ. ಆ ಕೈಗಳಲ್ಲಿ ನಿಜವಾದ ಮೃದುತ್ವವಿತ್ತು. ಅದನ್ನು ನೋಡಿಯೇ ನನಗೆ ಹೆಚ್ಚು ಭಯವಾಗುತ್ತಿದ್ದದ್ದು.

ವಿಷಲ್ ಮಂಚದ ಮೇಲ್ಗಡೆ ಮೊಳೆಗೆ ನೇತುಹಾಕಿತ್ತು. ಒಂದು ಸಂಜೆ ದೊಡ್ಡಪ್ಪ ಏನೋ ಬೇಕೆಂದು ಗಂಟಲಲ್ಲಿ ಸದ್ದು ಮಾಡಿದರು. ನೀರೇ ಇರಬೇಕು, ಎಡಗೈ ಚೊಂಬಿನ ಕಡೆ ಅಲುಗುತ್ತಿತ್ತು. ನಾನು ಏಳಹೋದೆ. ದೊಡ್ಡಮ್ಮ ಕಣ್ಣಲ್ಲೇ ತಡೆದಳು. ವಿಷಲನ್ನು ಮೊಳೆಯಿಂದ ತೆಗೆದು, ಸೆರಗಿನಿಂದ ಒರೆಸಿ, ಅವರ ತುಟಿಗೆ ಇಟ್ಟಳು.

"ಊದ್ರಿ. ಬರ್ತೀನಿ."

ದೊಡ್ಡಪ್ಪ ಊದಿದರು. ವಾರೆಬಾಯಿಂದ ಗಾಳಿ ಉಸ್ಸೆಂದು ಪಕ್ಕಕ್ಕೆ ಹೋಯಿತು. ಜೊಲ್ಲು ಇಳಿಯಿತು. ಅವಳು ಜೊಲ್ಲನ್ನು ಮೆತ್ತಗೆ ಒರೆಸಿ ಮತ್ತೆ ಇಟ್ಟಳು. ಮತ್ತೆ ಗಾಳಿ.

"ಕೇಳಿಸ್ಲಿಲ್ಲ ಕಣ್ರಿ" ಎಂದು ವಿಷಲನ್ನು ಮೊಳೆಗೆ ಹಾಕಿ, ಕೋಸಿಗೆ ನೀರು ಹಾಯಿಸಲು ಹೋದಳು. ನಾನು ನೀರು ಕುಡಿಸಿದೆ. ಅವಳು ನೋಡಿಯೂ ಸುಮ್ಮನಿದ್ದಳು.

ಅವರೆಕಾಯಿ ಕಾಲ ಬಂತು. ಊರಿಗೆ ಊರೇ ಸೊಗಡು. ನಗರಗೆರೆಯಲ್ಲಿ ಅವಳ ಅಣ್ಣನ ಮೊಮ್ಮಗುವಿಗೆ ನಾಮಕರಣವಿತ್ತು. ಬೆಳಗಿನ ಬಸ್ಸಿಗೆ ಹೋಗಿ ಸಂಜೆಗೆ ಬರುತ್ತೇನೆಂದು ದೊಡ್ಡಮ್ಮ ಹೊರಟಳು. ಅವಳು ಬೇಯಿಸಿಟ್ಟ ಕೋಸನ್ನು ನಾನು ಮುಟ್ಟಲಿಲ್ಲ. ಅವರೆಕಾಯಿ ತಂದು ಸುಲಿದು, ಕಾಳು ನೆನೆಸಿ, ಹಿಸುಕಿ, ಆ ಬೇಳೆಯ ಸಾರು ಮಾಡಿದೆ. ನುಣ್ಣಗೆ ಅನ್ನಕ್ಕೆ ಕಲಸಿ ತುತ್ತು ಇಟ್ಟೆ. ದೊಡ್ಡಪ್ಪ ಅದನ್ನು ಕೂಡಲೇ ನುಂಗಲಿಲ್ಲ. ಬಾಯಲ್ಲಿ ಇಟ್ಟುಕೊಂಡೇ ಇದ್ದರು. ಆಮೇಲೆ ಅವರ ಕಣ್ಣಿಂದ ನೀರು ಇಳಿಯತೊಡಗಿತು. ಸದ್ದಿಲ್ಲ, ಬಿಕ್ಕಿಲ್ಲ, ಮುಖದ ಎರಡೂ ಕಡೆ, ಸತ್ತ ಕಡೆಯಲ್ಲೂ, ಒಂದೇ ಸಮ ಹರಿಯಿತು. ತಟ್ಟೆ ಪೂರಾ ತಿಂದರು.

ಸಂಜೆ ದೊಡ್ಡಮ್ಮ ಹೊಸ್ತಿಲಲ್ಲೇ ನಿಂತಳು. ಪಾತ್ರೆ ತೊಳೆದು, ಕಿಟಕಿ ತೆಗೆದಿಟ್ಟಿದ್ದರೂ ಅವರೆ ಸೊಗಡು ಹೋಗಿರಲಿಲ್ಲ.

"ತಿಂದ್ರಾ?"

"ತಿಂದ್ರು."

ಅವಳು ಮಂಚದ ಹತ್ತಿರ ಹೋಗಿ ಅವರ ಮುಖವನ್ನೇ ನೋಡಿದಳು. ಕೆನ್ನೆಯ ಮೇಲೆ ಒಣಗಿದ ಗೆರೆಯಿತ್ತು. ಬೆರಳಿನಿಂದ ಅದನ್ನು ಮುಟ್ಟಿದಳು.

"ಅತ್ರಾ?"

ದೊಡ್ಡಮ್ಮ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು. "ಇಷ್ಟು ತಿಂಗಳಿಂದ ಇಡ್ತಾ ಇದೀನಿ" ಎಂದಳು. "ನನ್ನ ಕೈಲಿ ಒಂದು ದಿನಾನೂ ಅಳಲಿಲ್ಲ ಕಣೇ. ನಿನ್ನ ಒಂದು ಊಟಕ್ಕೆ ಅತ್ತವ್ರೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಕೈಗೆ ಬಂದ ಬೆಳೆಯನ್ನು ಬೇರೆಯವರು ಕೊಯ್ದುಕೊಂಡು ಹೋದಂಥ ಸಂಕಟವಿತ್ತು.

ಮಾರನೇ ದಿನ ಕಾಲೇಜಿಗೆ ಹೊರಟಾಗ ಬಾಗಿಲಲ್ಲಿ ನನ್ನ ಬಟ್ಟೆಯ ಬ್ಯಾಗಿತ್ತು. "ಹಾಸ್ಟೆಲ್ ಸೇರ್ಕೊ ಗಿರಿಜಮ್ಮ" ಎಂದಳು. "ನೀನು ಒಳ್ಳೇವಳು. ಒಳ್ಳೇವರು ನಮ್ಮ ಮನೇಲಿ ಇರಬಾರದು."

ಬಿ.ಎಡ್. ಮುಗಿದು ನನಗೆ ಶಿಡ್ಲಘಟ್ಟದ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತು. ಮಾರನೇ ವರ್ಷದ ಚಳಿಯಲ್ಲಿ ದೊಡ್ಡಪ್ಪ ಹೋದರೆಂದು ಅಮ್ಮ ಫೋನು ಮಾಡಿದಳು. ಹನ್ನೊಂದನೇ ದಿನ ತಿಥಿಗೆ ಹೋದೆ. ತೀರಿಕೊಂಡವರಿಗೆ ಇಷ್ಟವಾದುದನ್ನೆಲ್ಲ ಮಾಡಿ ಬಾಳೆಲೆಯ ಮೇಲೆ ಎಡೆ ಇಡುತ್ತಿದ್ದರು. ಮುದ್ದೆ, ಕೋಳಿಸಾರು, ಹಿಸುಕಿದ ಅವರೆ, ವಡೆ. ರತ್ನಮ್ಮ ಒಳಗಿಂದ ಒಂದು ಬಟ್ಟಲು ಕೋಸಿನ ಪಲ್ಯ ತಂದು ಎಲೆಯ ನಡುವೆ ಬಡಿಸಿದರು.

"ಪಾಪ, ಕೊನೆಗಾಲದಲ್ಲಿ ಇದನ್ನೇ ಅಲ್ವಾ ತಿಂತಿದ್ದಿದ್ದು. ಬಲು ಇಷ್ಟ."

ಗೋಡೆಗೆ ಒರಗಿ ಕುಳಿತಿದ್ದ ದೊಡ್ಡಮ್ಮ ತಲೆಯೆತ್ತಿದಳು. "ತೆಗಿಯಮ್ಮ ಅದನ್ನ."

"ಯಾಕಕ್ಕ?"

"ಅವರಿಗೆ ಕೋಸು ಆಗಲ್ಲ."

ದುಃಖಕ್ಕೆ ತಲೆ ಕೆಟ್ಟಿದೆಯೆಂದು ರತ್ನಮ್ಮ ಸನ್ನೆ ಮಾಡಿ, ಪಲ್ಯವನ್ನು ಬಟ್ಟಲಿಗೆ ಬಳಿದುಕೊಂಡರು. ಬಾಗಿಲ ಬಳಿ ನಿಂತಿದ್ದ ಸತ್ಯಣ್ಣ ಮೇಷ್ಟ್ರು ಚಪ್ಪಲಿ ಹಾಕಿಕೊಂಡು ಹೊರಟುಹೋದರು. ನನಗೆ ಕಣ್ಣು ತುಂಬಿತು. ಕೊನೆಗೂ ಅವರನ್ನು ಬಿಟ್ಟಳಲ್ಲ ಎಂದುಕೊಂಡೆ.

ನೆಂಟರೆಲ್ಲ ಹೋದ ಮೇಲೆ ಜಗಲಿಯಲ್ಲಿ ಅವಳ ಪಕ್ಕ ಕುಳಿತು ಕೇಳಿಯೇಬಿಟ್ಟೆ. "ಕ್ಷಮಿಸಿಬಿಟ್ಯಾ ದೊಡ್ಡಮ್ಮ?"

ಅವಳು ನನ್ನನ್ನು ಪೆದ್ದಿಯನ್ನು ನೋಡುವಂತೆ ನೋಡಿದಳು.

"ಸತ್ತೋರಿಗೆ ಬಡಿಸಿ ಏನು ಬಂತೇ? ಮುಖ ಕಾಣಲ್ಲವಲ್ಲ." ಹಿತ್ತಿಲ ಕಡೆ ನೋಡಿ ಹೇಳಿದಳು: "ಇನ್ನೊಂದೆರಡು ವರ್ಷ ಇರ್ತಾರೆ ಅಂದ್ಕೊಂಡಿದ್ದೆ. ಮುಂದಿನ ಕೋಸಿಗೆ ಒಟ್ಲು ಬೇರೆ ಹಾಕಿದ್ದೆ."

ಬೆಳಿಗ್ಗೆ ನಾನು ಬಸ್ಸಿಗೆ ಹೊರಟಾಗ ಅವಳು ಹಿತ್ತಿಲ ಗೇಟು ತೆರೆದು ಬೀದಿಯ ಹಸುಗಳನ್ನು ಒಳಗೆ ಬಿಟ್ಟಿದ್ದಳು. ಯಾರೂ ಕೊಯ್ಯದೆ ಬಲಿತು ಸೀಳಿದ್ದ ಕೋಸುಗಳನ್ನು ಅವು ಬುಡಸಮೇತ ಕಿತ್ತು ಅಗಿಯುತ್ತಿದ್ದವು. ದೊಡ್ಡಮ್ಮ ಕೈಕಟ್ಟಿ ನೋಡುತ್ತಿದ್ದಳು. "ಬರ್ತೀನಿ ದೊಡ್ಡಮ್ಮ" ಎಂದೆ. ತಿರುಗದೆಯೇ "ಹ್ಞೂ, ಹೋಗ್ಬಾ" ಎಂದಳು. ಅದೇ ಕೊನೆ.

ಮುಂದಿನ ಮಳೆಗಾಲದಲ್ಲಿ, ಕಾಯಿಲೆ ಕಸಾಲೆ ಏನೂ ಇಲ್ಲದೆ, ನಿದ್ದೆಯಲ್ಲೇ ಹೋದಳು. ಅವಳ ತಿಥಿಯ ದಿನ ಒಲೆಯ ಮುಂದೆ ಕುಳಿತ ಹೆಂಗಸರು, ಎಡೆಗೆ ಏನು ಮಾಡಬೇಕು, ಅವಳಿಗೆ ಏನು ಇಷ್ಟವಿತ್ತು ಎಂದು ಕೇಳಿದರು. ನಮ್ಮಮ್ಮನಿಗೆ ಗೊತ್ತಿರಲಿಲ್ಲ. ಅವಳ ಅಣ್ಣನ ಮನೆಯವರಿಗೂ ಗೊತ್ತಿರಲಿಲ್ಲ. ಅದೇ ಮನೆಯಲ್ಲಿದ್ದವಳೆಂದು ಎಲ್ಲರೂ ನನ್ನ ಕಡೆ ತಿರುಗಿದರು. ಗಂಡನಿಗೆ ಉಣಿಸಿ, ನನಗೆ ಬಡಿಸಿ, ಆಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಅವಳು ಏನು ತಿನ್ನುತ್ತಿದ್ದಳೆಂದು ನಾನು ಒಂದು ದಿನವೂ ನೋಡಿರಲಿಲ್ಲ. ಕೊನೆಗೆ ಅನ್ನ, ಸಾರು, ಒಂದು ಬಾಳೆಹಣ್ಣು ಇಟ್ಟರು.